ಸವಳು ನೀರು, ಸೀಗಡಿ ಮರಿ

ಸಿಂಧನೂರು ಕಡೆಯಿಂದ ಬರುವ ಪತ್ರ, ಫೋನುಗಳಲ್ಲಿ ಈಚೆಗೆ ಒಂದೇ ಪ್ರಶ್ನೆ ತಿರುತಿರುಗಿ ಬರುತ್ತಿದೆ. ‘ಹೊಲ ಸವಳು ಹಿಡಿದಿದೆ, ಭತ್ತ ಕೈಗೆ ಹತ್ತುತ್ತಿಲ್ಲ. ಹೊಂಡ ತೋಡಿಸಿ ಸೀಗಡಿ ಬಿಟ್ಟರೆ ಹೇಗೆ? ಸೀಗಡಿಗೆ ಉಪ್ಪು ನೀರು ಒಳ್ಳೆಯದೇ ಅಲ್ಲವೇ?’ ಕೇಳುವವರಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರಿದ್ದಾರೆ, ಆಂಧ್ರದಿಂದ ಬಂದು ನೆಲೆಸಿದವರಿದ್ದಾರೆ, ಆರ್.ಎಚ್. ಕ್ಯಾಂಪಿನ ಬಂಗಾಳಿ ಮನೆಗಳ ಹುಡುಗರೂ ಇದ್ದಾರೆ. ಕೆಲವರು ಮೊಬೈಲಿನಲ್ಲಿ ಆಸ್ಟ್ರೇಲಿಯಾದ ರೆಡ್ ಕ್ಲಾ ಕ್ರೇಫಿಶ್ ಸಾಕಣೆಯ ವಿಡಿಯೊ ನೋಡಿ, ಅದೂ ಇಲ್ಲಿ ಬದುಕೀತೇ ಎಂದು ವಿಚಾರಿಸುತ್ತಾರೆ. ಹೌದು ಅಥವಾ ಇಲ್ಲ ಎಂದು ಒಂದು ಮಾತಿನಲ್ಲಿ ಮುಗಿಸುವ ಪ್ರಶ್ನೆ ಇದಲ್ಲ. ಯಾವ ಉಪ್ಪು, ಎಷ್ಟು ವಯಸ್ಸಿನ ಮರಿ, ಎಷ್ಟು ಬೇಗ ನೀರು ಬದಲಾಯಿತು ಎಂಬ ಮೂರು ಸಂಗತಿ ಗೊತ್ತಾಗದೆ ಹೊಂಡಕ್ಕೆ ಸಾಲ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಸೀಮೆಗೆ ಸವಳು ಬಂದ ಬಗೆಯನ್ನು ಮೊದಲು ನೆನಪಿಸಿಕೊಳ್ಳೋಣ. 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಅಣೆಕಟ್ಟೆಯ ಎಡದಂಡೆ ಕಾಲುವೆಯನ್ನು ಬರದ ನಾಡಿಗೆ ಆಸರೆಯಾಗಲಿ, ಜೋಳ, ಹತ್ತಿಯಂಥ ಅರೆ ನೀರಾವರಿ ಬೆಳೆಗಳು ಬರಲಿ ಎಂದು ಯೋಜಿಸಲಾಗಿತ್ತು. ನೀರು ಹರಿದ ಮೇಲೆ ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ನಮ್ಮದು ಎರೆಭೂಮಿ, ನೀರನ್ನು ಹಿಡಿದುಕೊಳ್ಳುತ್ತದೆ, ಸುಲಭಕ್ಕೆ ಬಸಿಯಲು ಬಿಡುವುದಿಲ್ಲ. ಎತ್ತರದ ಗದ್ದೆಯಲ್ಲಿ ನಿಂತ ನೀರು ಒಳಗೊಳಗೇ ಜಾರಿ ತಗ್ಗಿನ ಹೊಲದಲ್ಲಿ ಮೇಲೇಳುತ್ತದೆ. ಬಿಸಿಲಿಗೆ ನೀರು ಆರಿ ಹೋಗುತ್ತದೆ, ಅದು ಹೊತ್ತು ತಂದ ಲವಣ ಅಲ್ಲೇ ಉಳಿಯುತ್ತದೆ. ಜವಳು ಮೊದಲು, ಸವಳು ಅದರ ಬೆನ್ನಿಗೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು-ಜವಳು ಭೂಮಿಯ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡುತ್ತಿರುವುದು, ಉಪ್ಪು ತಾಳುವ ‘ಗಂಗಾವತಿ ಸೋನಾ’ ಭತ್ತ ಅಲ್ಲಿಂದ ಬಂದದ್ದು ಇದೇ ಕಾರಣಕ್ಕೆ. ಆದರೆ ಭತ್ತಕ್ಕೂ ಒಂದು ಮಿತಿಯಿದೆ. ಮಣ್ಣಿನ ಇ.ಸಿ., ಎಂದರೆ ಲವಣದ ಮಟ್ಟ ತೋರಿಸುವ ವಿದ್ಯುತ್ ವಾಹಕತೆ, ಮೂರು ದಾಟಿದರೆ ಸಾಮಾನ್ಯ ತಳಿಗಳ ಇಳುವರಿ ಕುಸಿಯತೊಡಗುತ್ತದೆ.

ಇಲ್ಲಿ ಒಂದು ಲೆಕ್ಕ ತಿಳಿದಿರಬೇಕು. ನೀರಿನ ಇ.ಸಿ. ಒಂದು ಎಂದರೆ ಲೀಟರಿಗೆ ಸುಮಾರು 0.64 ಗ್ರಾಂ ಲವಣ. ಇ.ಸಿ. ನಾಲ್ಕು ಇರುವ ನೀರಿನಲ್ಲಿ ಲೀಟರಿಗೆ ಎರಡೂವರೆ ಗ್ರಾಂ ಲವಣವಿರುತ್ತದೆ. ಸಮುದ್ರದ ನೀರಿನಲ್ಲಿ ಇರುವುದು 35 ಗ್ರಾಂ. ಭತ್ತವನ್ನು ಸುಡುವ ನೀರು ಸೀಗಡಿಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಸಿಹಿನೀರೇ. ಹೊಂಡದ ಆಸೆ ಹುಟ್ಟುವುದು ಈ ಅಂತರದಿಂದ, ಮತ್ತು ಆ ಆಸೆಯಲ್ಲಿ ಹುರುಳಿದೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿರುವ ಇ.ಸಿ. ಬೇರೆ, ಹೊಂಡದಲ್ಲಿ ನಿಲ್ಲುವ ನೀರಿನ ಇ.ಸಿ. ಬೇರೆ ಎಂಬುದನ್ನು ಮಾತ್ರ ಮರೆಯಬಾರದು. ನೀರನ್ನೇ ಅಳೆಯಬೇಕು.

ಈಗ ಪ್ರಾಣಿಯ ಕಡೆ ಬರೋಣ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದು ಅರ್ಧ ಶತಮಾನದ ಹಿಂದೆ ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆ ನಿಂತವರಿಗೆ ‘ಗಲ್ದಾ ಚಿಂಗ್ಡಿ’ಯನ್ನು ಯಾರೂ ಪರಿಚಯಿಸಬೇಕಿಲ್ಲ. ನದಿಯಲ್ಲಿ ಬೆಳೆಯುವ, ನೀಲಿ ಕೊಂಡಿಯ ಆ ದೊಡ್ಡ ಸೀಗಡಿಯನ್ನೇ ಮಾರುಕಟ್ಟೆಯಲ್ಲಿ ಸ್ಕ್ಯಾಂಪಿ ಎನ್ನುತ್ತಾರೆ. ಸಮುದ್ರದ ಹುಲಿ ಸೀಗಡಿಗೆ ಅವರು ‘ಬಾಗ್ದಾ’ ಎನ್ನುತ್ತಾರೆ. ಎರಡನ್ನೂ ಕಂಡ ಹಿರಿಯರ ತಿಳಿವಳಿಕೆ ಮನೆಯಲ್ಲೇ ಇರುವಾಗ ಮಕ್ಕಳು ಅದನ್ನು ಕೇಳಿಸಿಕೊಳ್ಳಬೇಕು. ನಮ್ಮ ಸವಳು ಹೊಲಕ್ಕೆ ಹೊಂದುವುದು ಗಲ್ದಾ. ಬೆಳೆಸುವ ಹೊಂಡದಲ್ಲಿ ಲೀಟರಿಗೆ ಹತ್ತು ಗ್ರಾಂ ಒಳಗಿನ ಲವಣವನ್ನು ಅದು ತಾಳಿಕೊಳ್ಳುತ್ತದೆ, ನಾಲ್ಕೈದು ಗ್ರಾಂ ಒಳಗಿದ್ದರೆ ನಿಶ್ಚಿಂತೆಯಾಗಿ ಬೆಳೆಯುತ್ತದೆ.

ಹಾಗಿದ್ದೂ ಇದರ ಬಾಲ್ಯ ಉಪ್ಪು ನೀರಿನಲ್ಲೇ ಕಳೆಯಬೇಕು. ಹೊಟ್ಟೆಯಡಿ ಮೊಟ್ಟೆ ಹೊತ್ತ ಹೆಣ್ಣು ಹೊಳೆಯಗುಂಟ ಕೆಳಗಿಳಿದು ಅಳಿವೆಯ ಹತ್ತಿರ ಹೋಗುತ್ತದೆ. ಕಿತ್ತಳೆ ಬಣ್ಣದ ಮೊಟ್ಟೆ ಮೂರು ವಾರದಲ್ಲಿ ಬೂದು ಬಣ್ಣಕ್ಕೆ ತಿರುಗಿ ಒಡೆಯುತ್ತದೆ. ಹೊರಬಂದ ಲಾರ್ವಾ ಪೂರಾ ಸಿಹಿನೀರಿನಲ್ಲೇ ಉಳಿದರೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಅದಕ್ಕೆ ಲೀಟರಿಗೆ ಹನ್ನೆರಡು ಗ್ರಾಂ ಆಸುಪಾಸಿನ ಲವಣ ಬೇಕು. ಇದನ್ನು ಜಗತ್ತಿಗೆ ತಿಳಿಸಿದವರು 1960ರ ದಶಕದ ಆರಂಭದಲ್ಲಿ ಮಲೇಷ್ಯಾದ ಪೆನಾಂಗ್‌ನಲ್ಲಿ ಕೆಲಸ ಮಾಡುತ್ತಿದ್ದ ಶಾವೋ ವೆನ್ ಲಿಂಗ್. ಅಲ್ಲಿಯವರೆಗೆ ಈ ಸೀಗಡಿಯನ್ನು ತೊಟ್ಟಿಯಲ್ಲಿ ಮರಿ ಮಾಡಿಸುವುದು ಯಾರಿಗೂ ಸಾಧ್ಯವಾಗಿರಲಿಲ್ಲ. ಅದೇ ದಶಕದಲ್ಲಿ ಹವಾಯಿಯ ತಕೂಜಿ ಫುಜಿಮುರಾ ಮಲೇಷ್ಯಾದಿಂದ ತಾಯಿ ಸೀಗಡಿ ತರಿಸಿ, ಲಕ್ಷಗಟ್ಟಲೆ ಮರಿ ಎಬ್ಬಿಸುವ ವಿಧಾನ ರೂಪಿಸಿದರು. ಇಂದು ನೀವು ಕೊಳ್ಳುವ ಪ್ರತಿ ಚೀಲದ ಹಿಂದೆ ಇವರಿಬ್ಬರ ದುಡಿಮೆ ಇದೆ.

ಮರಿ ಕೇಂದ್ರದ ತೊಟ್ಟಿಗೆ ಬಗ್ಗಿ ನೋಡಿದರೆ ವಯಸ್ಸಿನ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಲಾರ್ವಾಗಳು ಬೆನ್ನಡಿಯಾಗಿ, ಬಾಲ ಮುಂದಾಗಿ ತೇಲುತ್ತವೆ. ಹನ್ನೊಂದು ಹಂತ ದಾಟಿ, ನಾಲ್ಕಾರು ವಾರದ ಮೇಲೆ ಒಂದು ಪೊರೆ ಕಳಚಿದೊಡನೆ ಮಗುಚಿಕೊಂಡು ತಲೆ ಮುಂದಾಗಿ ಈಜತೊಡಗುತ್ತವೆ, ತೊಟ್ಟಿಯ ಗೋಡೆಗೆ ಬಂದು ಕಚ್ಚಿಕೊಂಡು ಕೂರುತ್ತವೆ. ಆಗ ಉದ್ದ ಏಳೆಂಟು ಮಿಲಿಮೀಟರ್. ಮೈ ಗಾಜಿನಷ್ಟು ಪಾರದರ್ಶಕ, ಒಳಗೆ ಮೇವಿನ ಕಪ್ಪು ಗೆರೆ ಕಾಣುತ್ತದೆ. ರೈತರು ಪಿ.ಎಲ್. ಎಂದು ಕರೆಯುವುದು ಈ ಹಂತದ ಮರಿಯನ್ನು. ಇದಕ್ಕಿನ್ನು ಉಪ್ಪು ನೀರು ಬೇಕಿಲ್ಲ, ಹಲವು ಗಂಟೆಗಳ ಕಾಲ ಹಂತ ಹಂತವಾಗಿ ಸಿಹಿನೀರು ಬೆರೆಸಿ ಪಳಗಿಸುತ್ತಾರೆ. ಭತ್ತ ಬೆಳೆಯುವವರಿಗೆ ಇದು ಹೊಸದೇನಲ್ಲ. ಸಸಿ ಹಂತದಲ್ಲಿ, ಹೂವಾಡುವಾಗ ಭತ್ತ ಉಪ್ಪಿಗೆ ಸೋಲುತ್ತದೆ, ತೆಂಡೆ ಒಡೆಯುವಾಗ ಸೈರಿಸುತ್ತದೆ; ಸೀಗಡಿಯಲ್ಲೂ ಹಾಗೆಯೇ, ಬದುಕಿನ ಒಂದೊಂದು ಘಟ್ಟಕ್ಕೆ ಒಂದೊಂದು ಉಪ್ಪಿನ ಲೆಕ್ಕ.

ಕ್ರೇಫಿಶ್‌ನ ಬಾಲ್ಯ ಬೇರೆ ಬಗೆಯದು. ಅದಕ್ಕೆ ತೇಲಾಡುವ ಲಾರ್ವಾ ಹಂತವೇ ಇಲ್ಲ. ಮೊಟ್ಟೆಯಿಂದ ಮರಿ ತಾಯಿಯ ರೂಪದಲ್ಲೇ ಹೊರಬಂದು, ಒಂದೆರಡು ಪೊರೆ ಕಳಚುವವರೆಗೆ ತಾಯಿಯ ಬಾಲದಡಿ ಜೋತುಬಿದ್ದಿರುತ್ತದೆ. ಅಳಿವೆಗೆ ಹೋಗುವ ಅಗತ್ಯವಿಲ್ಲ, ಇಡೀ ಬಾಳು ಸಿಹಿನೀರಿನಲ್ಲೇ ಸಾಗುತ್ತದೆ. ಲೀಟರಿಗೆ ಕೆಲವು ಗ್ರಾಂ ಲವಣವನ್ನು ಆಸ್ಟ್ರೇಲಿಯಾದ ಜಾತಿಗಳ ಮರಿಗಳೂ ತಾಳುತ್ತವೆ. ಉಪ್ಪು ಏರುತ್ತ ಹೋದಂತೆ ಮೇವು ಕಡಿಮೆಯಾಗುತ್ತದೆ, ಬೆಳವಣಿಗೆ ಕುಗ್ಗುತ್ತದೆ, ಕೊನೆಗೆ ಸಾವು. ಭಾರತದಲ್ಲಿ ಮೂಲತಃ ಯಾವ ಕ್ರೇಫಿಶ್ ಜಾತಿಯೂ ಇಲ್ಲ. ಹೊರದೇಶದ ಜಲಚರ ತರಲು ಕೇಂದ್ರ ಸರ್ಕಾರದ ಅನುಮತಿ ಬೇಕು, ಅದು ಸರಿಯಾದ ಕಟ್ಟಳೆಯೇ. ದಂಡೆ ಕೊರೆಯುವ, ನೀರಿನಿಂದೆದ್ದು ನೆಲದ ಮೇಲೆ ನಡೆಯಬಲ್ಲ ಪ್ರಾಣಿ ಕಾಲುವೆ ಜಾಲಕ್ಕೆ ಸೇರಿದರೆ ಮತ್ತೆ ಹಿಡಿದು ಹೊರಹಾಕುವುದು ಆಗದ ಮಾತು. ವಿಡಿಯೊ ನೋಡಿ ಯಾರಿಂದಲೋ ಮರಿ ತರಿಸುವ ಯೋಚನೆಯನ್ನು ಕೈಬಿಡಿ ಎಂದೇ ನಾನು ಹೇಳುತ್ತೇನೆ. ನಮಗೆ ಬೇಕಾದ ಪ್ರಾಣಿ ನಮ್ಮ ದೇಶದ ನದಿಗಳಲ್ಲೇ ಇದೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ಅದರ ಸುಧಾರಿತ ತಳಿಯನ್ನೂ ಹೊರತಂದಿದೆ.

ಉಪ್ಪು ಮರಿಯ ಮೈಯಲ್ಲಿ ಮಾಡುವ ಕೆಲಸವೇನು? ಗಲ್ದಾದ ರಕ್ತದಲ್ಲಿ ಲೀಟರಿಗೆ ಸುಮಾರು ಹದಿನೈದು ಗ್ರಾಂ ಲವಣವಿರುವ ನೀರಿಗೆ ಸಮನಾದ ಸಾಂದ್ರತೆ ಇರುತ್ತದೆ. ಸುತ್ತಲಿನ ನೀರು ಅದಕ್ಕಿಂತ ತೆಳುವಾದ್ದರಿಂದ ನೀರು ಸದಾ ಮೈಯೊಳಗೆ ನುಗ್ಗುತ್ತದೆ, ಲವಣ ಹೊರಗೆ ಸೋರುತ್ತದೆ. ಸೋರಿದ್ದನ್ನು ಕಿವಿರಿನ ಜೀವಕೋಶಗಳು ನೀರಿನಿಂದ ಹೆಕ್ಕಿ ಮತ್ತೆ ಒಳಗೆಳೆದುಕೊಳ್ಳಬೇಕು, ಹೆಚ್ಚಿನ ನೀರನ್ನು ಮೂತ್ರವಾಗಿ ಹೊರಹಾಕಬೇಕು. ಇದಕ್ಕೆ ಶಕ್ತಿ ಖರ್ಚಾಗುತ್ತದೆ, ಆ ಶಕ್ತಿ ಮೇವಿನಿಂದ ಬರಬೇಕು. ದೊಡ್ಡ ಸೀಗಡಿಗೆ ಗಟ್ಟಿ ಚಿಪ್ಪಿದೆ, ಬಲಿತ ಕಿವಿರಿದೆ. ಮರಿಗೆ ಮೈಯ ತೂಕಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು, ಚಿಪ್ಪು ತೆಳು, ಕೆಲವು ದಿನಕ್ಕೊಮ್ಮೆ ಪೊರೆ ಬೇರೆ ಕಳಚಬೇಕು. ಪೊರೆ ಕಳಚಿದ ಹೊತ್ತಿನಲ್ಲಿ ಮೈಯೆಲ್ಲ ಮೆತ್ತಗಾಗಿ ನೀರು ಹೀರಿ ಉಬ್ಬುತ್ತದೆ, ಹೊಸ ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂನ ಬಹುಪಾಲನ್ನು ನೀರಿನಿಂದಲೇ ಸೆಳೆಯುತ್ತದೆ. ನೀರಿನ ಲವಣ ಅಡ್ಡಾದಿಡ್ಡಿಯಾಗಿದ್ದರೆ ಪೆಟ್ಟು ಬೀಳುವುದು ಈ ಗಳಿಗೆಯಲ್ಲೇ. ಚಿಪ್ಪು ಗಟ್ಟಿಯಾಗಲು ತಡವಾದಷ್ಟೂ ಜೊತೆಯ ಮರಿಗಳು ಕಚ್ಚಿ ತಿನ್ನುತ್ತವೆ. ಎಷ್ಟೋ ಹೊಂಡಗಳಲ್ಲಿ ಸತ್ತ ಮರಿ ಕಣ್ಣಿಗೇ ಬೀಳುವುದಿಲ್ಲ, ಹಿಡಿಯುವ ದಿನ ಲೆಕ್ಕ ಮಾತ್ರ ಕಡಿಮೆ ಬರುತ್ತದೆ.

ಯಾವ ಉಪ್ಪು ಎಂಬ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಸಮುದ್ರದ ನೀರಿನಲ್ಲಿ ಸೋಡಿಯಂ 28 ಪಾಲು ಇದ್ದರೆ ಪೊಟ್ಯಾಸಿಯಂ ಒಂದು ಪಾಲು ಇರುತ್ತದೆ, ಮೆಗ್ನೀಸಿಯಂ ಕ್ಯಾಲ್ಸಿಯಂನ ಮೂರು ಪಟ್ಟು. ಒಳನಾಡಿನ ಸವಳು ನೀರಿನಲ್ಲಿ ಈ ಹೊಂದಾಣಿಕೆ ಇರುವುದಿಲ್ಲ, ಅದರಲ್ಲೂ ಪೊಟ್ಯಾಸಿಯಂ ಬಹಳ ಕಡಿಮೆ. ಕಿವಿರಿನಲ್ಲಿ ಲವಣ ಎಳೆಯುವ ಪಂಪು ಸೋಡಿಯಂ ಮತ್ತು ಪೊಟ್ಯಾಸಿಯಂ ಎರಡನ್ನೂ ಬಳಸಿ ನಡೆಯುವಂಥದ್ದು. ಹರಿಯಾಣದ ರೋಹ್ತಕ್ ಬಳಿ ಲಾಹ್ಲಿಯಲ್ಲಿರುವ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯ ಕೇಂದ್ರ ಈ ವಿಷಯದಲ್ಲಿ ದೊಡ್ಡ ಕೆಲಸ ಮಾಡಿದೆ. ಸಮುದ್ರ ಮೂಲದ ವನ್ನಾಮಿ ಸೀಗಡಿ ಅಲ್ಲಿನ ಸವಳು ನೀರಿನಲ್ಲಿ ಹಾಗೇ ಬದುಕಲಾರದು. ಲವಣದ ಒಟ್ಟು ಪ್ರಮಾಣ ಸಾಕಷ್ಟಿದ್ದರೂ ಪೊಟ್ಯಾಸಿಯಂ ಕೊರತೆಯಿಂದ ಸಾಯುತ್ತದೆ. ನಾವು ಗದ್ದೆಗೆ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಶ್ ಗೊಬ್ಬರವನ್ನೇ ಲೆಕ್ಕ ಹಾಕಿ ಹೊಂಡಕ್ಕೆ ಬೆರೆಸಿ ಅಲ್ಲಿನ ರೈತರು ಅದನ್ನು ಬೆಳೆಸುತ್ತಿದ್ದಾರೆ. ಗಲ್ದಾಕ್ಕೆ ಅಷ್ಟು ಪಾಡಿಲ್ಲ, ಆದರೆ ಪಾಠ ಒಂದೇ: ಉಪ್ಪಿನ ಒಟ್ಟು ಗ್ರಾಂ ನೋಡಿ ನಿರ್ಧಾರ ಮಾಡಬಾರದು.

ನಮ್ಮ ಕಡೆಯ ಇನ್ನೊಂದು ತೊಡಕು ಕ್ಷಾರ. ಸವಳಿನ ಜೊತೆ ಕಾರ್ಬೋನೇಟ್, ಬೈಕಾರ್ಬೋನೇಟ್ ಸೇರಿದ ಕಡೆ ಪಿಎಚ್ ಎಂಟೂವರೆ ದಾಟುತ್ತದೆ. ಮಧ್ಯಾಹ್ನ ಪಾಚಿ ಕೆಲಸ ಮಾಡುವಾಗ ಇನ್ನೂ ಮೇಲಕ್ಕೇರುತ್ತದೆ. ಮೇವು, ಹಿಕ್ಕೆಯಿಂದ ಹುಟ್ಟುವ ಅಮೋನಿಯಾದಲ್ಲಿ ವಿಷಕಾರಿ ಪಾಲು ಪಿಎಚ್ ಎಂಟಿದ್ದಾಗ ನೂರಕ್ಕೆ ಏಳೆಂಟು. ಅದೇ ಒಂಬತ್ತಕ್ಕೆ ಹೋದರೆ ನಮ್ಮ ಬಿಸಿಲಿನಲ್ಲಿ ನಲವತ್ತನ್ನೂ ಮೀರುತ್ತದೆ. ಇಂಥ ಹೊಂಡಕ್ಕೆ ಸುಣ್ಣ ಎರಚುವ ರೂಢಿ ಬೇಡ. ಸುಣ್ಣದಿಂದ ಪಿಎಚ್ ಮತ್ತಷ್ಟು ಏರುತ್ತದೆ. ಚೌಳು ಹೊಲಕ್ಕೆ ಹಾಕುವ ಜಿಪ್ಸಂ ಇಲ್ಲೂ ನೆರವಿಗೆ ಬರುತ್ತದೆ. ಅದು ಪಿಎಚ್ ಏರಿಸದೆ ಕ್ಯಾಲ್ಸಿಯಂ ಕೊಡುತ್ತದೆ. ನೀರಿನ ಗಡಸುತನ ಮೊದಲೇ ಮೇರೆ ಮೀರಿದ್ದರೆ ಅದೂ ಬೇಡ, ಅತಿ ಗಡಸು ನೀರಿನಲ್ಲಿ ಗಲ್ದಾ ಬೆಳೆಯುವುದು ನಿಧಾನ. ಉಪ್ಪಿನಿಂದ ಆಗುವ ಒಂದು ಉಪಕಾರವನ್ನೂ ಹೇಳಬೇಕು. ನೀರಿನಲ್ಲಿ ಕ್ಲೋರೈಡ್ ಇದ್ದರೆ ನೈಟ್ರೈಟ್ ಎಂಬ ಇನ್ನೊಂದು ವಿಷ ಕಿವಿರಿನ ಮೂಲಕ ಒಳಹೋಗುವುದು ಕಡಿಮೆಯಾಗುತ್ತದೆ. ಹಿತಮಿತವಾದ ಸವಳು ಮರಿಗೆ ಶತ್ರುವಲ್ಲ.

ಮೂರನೆಯ ಸಂಗತಿ ವೇಗ. ನಮ್ಮಲ್ಲಿ ಮರಿ ಹೆಚ್ಚಾಗಿ ಸಾಯುವುದು ಹೊಂಡದ ಉಪ್ಪಿನಿಂದಲ್ಲ, ಹೊಂಡಕ್ಕೆ ಬಿಡುವ ರೀತಿಯಿಂದ ಎಂದು ನನಗೆ ಅನ್ನಿಸಿದೆ. ಕರಾವಳಿಯ ಮರಿ ಕೇಂದ್ರದಿಂದ ರಾತ್ರಿಯೆಲ್ಲ ವಾಹನದಲ್ಲಿ ಬಂದ ಆಕ್ಸಿಜನ್ ಚೀಲಗಳನ್ನು ಸಿಂಧನೂರು ತಾಲ್ಲೂಕಿನ ಒಂದು ಹೊಂಡದ ದಂಡೆಯಲ್ಲಿ ಇಳಿಸುವುದನ್ನು ನಿಂತು ನೋಡಿದ್ದೇನೆ. ಬಿಸಿಲು ಏರಿತ್ತು. ಕೆಲಸದವರು ಅವಸರದಲ್ಲಿ ಚೀಲದ ಬಾಯಿ ಬಿಚ್ಚಿ ನೇರವಾಗಿ ಸುರಿದರು. ಬೊಗಸೆಯಲ್ಲಿ ಅದೇ ಹೊಂಡದ ನೀರು ಹಿಡಿದು ನೋಡಿದರೆ ಮರಿಗಳು ಒಂದು ಪಕ್ಕಕ್ಕೆ ವಾಲಿ ಸುತ್ತುತ್ತಿದ್ದವು, ಕೆಲವುದರ ಬಾಲದ ಸ್ನಾಯು ಹಾಲಿನ ಬಣ್ಣಕ್ಕೆ ತಿರುಗಿತ್ತು. ಪಕ್ಕದಲ್ಲೇ ಬಕೆಟ್ಟಿನಲ್ಲಿ ಇಟ್ಟು, ಲೋಟದಿಂದ ಸ್ವಲ್ಪ ಸ್ವಲ್ಪವೇ ಹೊಂಡದ ನೀರು ಬೆರೆಸುತ್ತಿದ್ದ ಮರಿಗಳು ಗೋಡೆ ಕಚ್ಚಿ ನೆಟ್ಟಗೆ ಕೂತಿದ್ದವು. ಮರಿಯೂ ಅದೇ, ನೀರೂ ಅದೇ. ಚೀಲದ ನೀರಿಗೂ ಹೊಂಡದ ನೀರಿಗೂ ಇದ್ದ ಲವಣ, ಪಿಎಚ್, ಬಿಸಿಯ ಅಂತರವನ್ನು ಒಂದೇ ಏಟಿಗೆ ದಾಟಬೇಕಾದವು ಸೋತವು.

ಆದ್ದರಿಂದ ಚೀಲ ಬರುವುದು ಬೆಳಗಿನ ಜಾವಕ್ಕೋ ಸಂಜೆಗೋ ಇರಲಿ. ಮೊದಲು ಚೀಲವನ್ನು ಬಿಚ್ಚದೆ ಹೊಂಡದಲ್ಲಿ ತೇಲಿಸಿ ಬಿಸಿ ಸಮವಾಗಲು ಬಿಡಿ. ಆಮೇಲೆ ಅಗಲ ತೊಟ್ಟಿಗೆ ಹಾಕಿ, ಗಾಳಿ ಊದಿಸುತ್ತ, ಹೊಂಡದ ನೀರನ್ನು ನಿಧಾನವಾಗಿ ಬೆರೆಸಿ. ಅಂತರ ಹೆಚ್ಚಿದ್ದಷ್ಟೂ ಸಮಯ ಹೆಚ್ಚು ಕೊಡಿ. ಮರಿ ಕಾಯ್ದಿರಿಸುವಾಗಲೇ ನಿಮ್ಮ ನೀರಿನ ಇ.ಸಿ. ಮತ್ತು ಪಿಎಚ್ ಕೇಂದ್ರಕ್ಕೆ ತಿಳಿಸಿದರೆ ಅವರೇ ಅಲ್ಲಿ ಪಳಗಿಸಿ ಕಳಿಸಬಹುದು. ಕೇಳುವುದಕ್ಕೆ ಸಂಕೋಚ ಬೇಡ. ಎಲ್ಲಕ್ಕಿಂತ ಅಗ್ಗದ ವಿಮೆ ಇನ್ನೊಂದಿದೆ. ಪೂರಾ ಮರಿ ತರಿಸುವ ಮುಂಚೆ ಒಂದು ಹಿಡಿ ಮರಿಯನ್ನು ನಿಮ್ಮದೇ ಹೊಂಡದೊಳಗೆ ಬಲೆಯ ಹಾಪಾ ಕಟ್ಟಿ ಎರಡು ಮೂರು ದಿನ ಇಟ್ಟು ನೋಡಿ. ಅಷ್ಟರಲ್ಲಿ ಸತ್ತರೆ ನಷ್ಟ ಅಲ್ಲಿಗೇ ನಿಲ್ಲುತ್ತದೆ. ಒಂದು ಎಚ್ಚರಿಕೆ: ಬಾಲ ಬೆಳ್ಳಗಾಗುವುದು ಬಿಳಿ ಬಾಲ ರೋಗದಲ್ಲೂ ಉಂಟು. ಅದು ವೈರಸ್ಸಿನಿಂದ ಬರುವುದು, ನೀರು ಸರಿಪಡಿಸಿದರೆ ಹೋಗದು. ಆ ಗುಮಾನಿ ಬಂದರೆ ಮರಿಯನ್ನು ಪ್ರಯೋಗಾಲಯಕ್ಕೇ ಕಳಿಸಬೇಕು.

ಬಿಟ್ಟ ಮೇಲೂ ಉಪ್ಪು ನಿಂತಲ್ಲಿ ನಿಲ್ಲುವುದಿಲ್ಲ. ಕಾಲುವೆ ಬಂದಾದ ಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ಹೊಂಡದ ನೀರು ದಿನದಿನಕ್ಕೂ ಇಳಿಯುತ್ತದೆ. ನಾಲ್ಕಡಿ ನೀರು ಎರಡಡಿಗೆ ಬಂದರೆ ಲೀಟರಿಗೆ ಮೂರು ಗ್ರಾಂ ಇದ್ದದ್ದು ಆರಾಗುತ್ತದೆ. ಅದನ್ನು ಸವಳು ಬೋರಿನ ನೀರಿನಿಂದಲೇ ತುಂಬಿಸುತ್ತ ಹೋದರೆ ಪ್ರತಿ ಸಲವೂ ಹೊಸ ಲವಣ ಸೇರುತ್ತದೆ, ಹಳೆಯದು ಹೋಗುವುದಿಲ್ಲ. ಅದಕ್ಕೇ ಎಳೆ ಮರಿಯನ್ನು ಬೇಸಿಗೆಗೆ ಬಿಡಬಾರದು. ಮಳೆ ಬಿದ್ದು ಕಾಲುವೆಗೆ ನೀರು ಬಂದ ಮೇಲೆ ಬಿಟ್ಟು, ಕಾಲುವೆ ನಿಲ್ಲುವ ಮೊದಲು ಹಿಡಿಯುವಂತೆ ಹವಣಿಸಿಕೊಳ್ಳಬೇಕು. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ರೈತರು ತಲೆತಲಾಂತರದಿಂದ ಪಾಲಿಸಿದ್ದು ಇಂಥದೇ ಪಂಚಾಂಗ. ಮಳೆ ನೀರು ಉಪ್ಪನ್ನು ತೆಳುಮಾಡಿದಾಗ ಕಗ್ಗ ಭತ್ತ ಬೆಳೆದರು, ಕೊಯ್ಲಾದ ಮೇಲೆ ಅಳಿವೆಯ ನೀರು ಬಿಟ್ಟುಕೊಂಡು ಮೀನು, ಸೀಗಡಿ ಹಿಡಿದರು. ಉಪ್ಪಿನ ಏರಿಳಿತಕ್ಕೆ ಎದುರಾಗಿ ನಿಲ್ಲದೆ ಅದರ ಹೆಜ್ಜೆಗೆ ಬೆಳೆಯನ್ನು ಹೊಂದಿಸಿದ ಆ ವಿವೇಕ ನಮಗೂ ಬೇಕು.

ಇಷ್ಟೆಲ್ಲ ಸರಿಯಾದರೂ ನೆರೆಹೊರೆಯ ಪ್ರಶ್ನೆ ಉಳಿಯುತ್ತದೆ. ನಿಮ್ಮ ಹೊಂಡದ ಸವಳು ನೀರು ಹೊರಬಿಟ್ಟ ದಿನ ಅದು ಬಸಿಗಾಲುವೆಗುಂಟ ಕೆಳಗಿನವರ ಗದ್ದೆಗೆ ಹೋಗುತ್ತದೆ. ಬಸಿಗಾಲುವೆಯ ನೀರನ್ನೇ ನೀವು ಹೊಂಡಕ್ಕೆ ತುಂಬಿಕೊಂಡರೆ ಮೇಲಿನವರ ಭತ್ತಕ್ಕೆ ಹೊಡೆದ ಕೀಟನಾಶಕ ನಿಮ್ಮ ಮರಿಗೆ ಬರುತ್ತದೆ. ಕೀಟವೂ ಸೀಗಡಿಯೂ ಸಂಧಿಪದಿಗಳೇ, ಒಂದನ್ನು ಕೊಲ್ಲುವ ಔಷಧ ಇನ್ನೊಂದನ್ನು ಬಿಡುವುದಿಲ್ಲ. ಥಾಯ್ಲೆಂಡಿನ ಭತ್ತದ ಬಯಲಿನಲ್ಲಿ ಕಡಲಿನ ಉಪ್ಪು ನೀರನ್ನು ಲಾರಿಗಳಲ್ಲಿ ಹೊತ್ತು ತಂದು ಸೀಗಡಿ ಸಾಕಿದರು. ಸುತ್ತಲಿನ ಗದ್ದೆ ಕೆಡತೊಡಗಿದ್ದರಿಂದ 1998ರಲ್ಲಿ ಅಲ್ಲಿನ ಸರ್ಕಾರ ಸಿಹಿನೀರು ವಲಯಗಳಲ್ಲಿ ಅದನ್ನು ನಿಷೇಧಿಸಬೇಕಾಯಿತು. ನಾವು ಸವಳನ್ನು ಬಳಸಿಕೊಳ್ಳಬೇಕೇ ಹೊರತು ಹೊಸದಾಗಿ ತರಬಾರದು. ಒಳ್ಳೆಯ ಹೊಲದಲ್ಲಿ ಉಪ್ಪು ಸುರಿದು ವನ್ನಾಮಿ ಬೆಳೆಸುವ ಸಲಹೆ ಯಾರಾದರೂ ಕೊಟ್ಟರೆ ಖಡಾಖಂಡಿತವಾಗಿ ಬೇಡ ಎನ್ನಿ.

ಆರ್.ಎಚ್. ಕ್ಯಾಂಪಿನ ಹುಡುಗರಿಗೆ ನಾನು ಕೊಡುವ ಉತ್ತರ ಇದು: ಭತ್ತ ಬಾರದ ತಗ್ಗಿನ ಸವಳು ಹೊಲದಲ್ಲಿ ಗಲ್ದಾ ಬೆಳೆಯಬಹುದು, ಬೆಳೆಯಿರಿ. ಆದರೆ ಜೆಸಿಬಿ ಕರೆಸುವ ಮೊದಲು ಬೋರಿನ ನೀರನ್ನೂ ಕಾಲುವೆ ನೀರನ್ನೂ ಪರೀಕ್ಷೆಗೆ ಕೊಟ್ಟು ಇ.ಸಿ., ಪಿಎಚ್, ಗಡಸುತನ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಅಂಕಿಗಳನ್ನು ಕೈಯಲ್ಲಿಟ್ಟುಕೊಳ್ಳಿ, ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ. ಅಕ್ಕಪಕ್ಕದವರ ಜೊತೆ ಕೂತು ನೀರು ಎಲ್ಲಿಂದ ಬರಬೇಕು, ಎಲ್ಲಿಗೆ ಹೋಗಬೇಕು ಎಂಬುದನ್ನು ಮೊದಲು ತೀರ್ಮಾನಿಸಿ. ಇದು ಒಬ್ಬೊಬ್ಬ ರೈತನ ಕೈಲಿ ಆಗುವ ಕೆಲಸವಲ್ಲ. ಕೃಷಿ ಇಲಾಖೆ ಮಣ್ಣು ಪರೀಕ್ಷೆಯನ್ನು ಹಳ್ಳಿಗೆ ಮುಟ್ಟಿಸಿದಂತೆ ಮೀನುಗಾರಿಕೆ ಇಲಾಖೆ ನೀರು ಪರೀಕ್ಷೆಯನ್ನು ಹೋಬಳಿ ಮಟ್ಟಕ್ಕೆ ತರಬೇಕು, ಹೊಂಡಕ್ಕೆ ಸಹಾಯಧನ ಕೊಡುವ ಮುಂಚೆ ಆ ವರದಿಯನ್ನೂ ಬಸಿಗಾಲುವೆಯ ನಕ್ಷೆಯನ್ನೂ ಕಡ್ಡಾಯ ಮಾಡಬೇಕು. ಇಡೀ ಸೀಮೆಗೆ ನೀರು ಕೊಟ್ಟವರು ಬಸಿಯುವ ದಾರಿಯನ್ನು ಅಷ್ಟೇ ಮುತುವರ್ಜಿಯಿಂದ ಕಟ್ಟಿಕೊಡಲಿಲ್ಲ, ಅದರ ಫಲವೇ ಇವತ್ತಿನ ಸವಳು. ಹೊಂಡಗಳ ವಿಷಯದಲ್ಲಿ ಆ ಕೆಲಸ ಮೊದಲು ಆಗಲಿ, ಮರಿ ಆಮೇಲೆ ಬರಲಿ.